ಕಣ್ಣು ಬಂದೈತೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಮೂಗಿನ ತುದಿಯಲ್ಲೇ ಕೋಪ. ಚಿಲ್ಲರೆ ಕೊಡದ ಕಂಡಕ್ಟರ್ ಜೊತೆ ಜಗಳ, ನೀರು ಬಿಡದ ಮನೆ ಯಜಮಾನರ ಜೊತೆ ಜಗಳ, ಹೇಳಿದ ದಿನಕ್ಕೆ ಆಸ್ಪತ್ರೆಗೆ ಬಾರದ ರೋಗಿಗಳ ಜೊತೆಯಂತೂ ದಿನಾ ಜಗಳ. ಜಗಳಕ್ಕಾದರೂ ಎದುರಿಗೊಬ್ಬರು ಬೇಕಲ್ಲ ಎನ್ನುವುದು ಹೊನ್ನಾಳಿಯಲ್ಲಿ ಗೊಬ್ಬರದಂಗಡಿಯ ಮೇಲಿನ ಕೋಣೆ ಹಿಡಿದ ಮೇಲೆ ಗೊತ್ತಾಯಿತು. ಸಂಜೆ ಬೀಗ ತೆಗೆದು ಒಳಗೆ ಹೋದರೆ ಮರುದಿನ ಬೆಳಗ್ಗೆ ಬಸ್ಸಿನಲ್ಲಿ ‘ಎಲ್ಲಿಗ್ರಿ’ ಅಂತ ಕೇಳುವವರೆಗೂ ನನ್ನ ಬಾಯಿಗೆ ಕೆಲಸವಿರಲಿಲ್ಲ.

ಹುಟ್ಟಿ ಬೆಳೆದದ್ದು ಕೊಳ್ಳೇಗಾಲದ ಕಡೆ. ಮದುವೆಯಾಗಲಿಲ್ಲ, ಅದರ ಕಥೆ ಇಲ್ಲಿ ಬೇಡ. ಕಣ್ಣು ಪರೀಕ್ಷೆ ಮಾಡುವ ಡಿಪ್ಲೊಮಾ ಓದಿ ಹದಿನೈದು ವರ್ಷ ಕನ್ನಡಕದ ಅಂಗಡಿಯಲ್ಲಿ ‘ಈಗ ಚೆನ್ನಾಗಿ ಕಾಣುತ್ತಾ, ಆಗ ಚೆನ್ನಾಗಿ ಕಾಣ್ತಿತ್ತಾ’ ಎಂದು ಕೇಳಿ ಕೇಳಿ ಬೇಸತ್ತಿದ್ದೆ. ನಲವತ್ತೊಂದನೆಯ ವಯಸ್ಸಿನಲ್ಲಿ ಒಂದು ಕಣ್ಣಾಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಕೆಲಸ ಸಿಕ್ಕಿತು. ಸಂಶೋಧನೆ ಎಂದರೆ ಬಿಳಿ ಕೋಟು, ಗಾಜಿನ ಕೊಳವೆ ಎಂದುಕೊಂಡು ಬಂದೆ. ನನ್ನ ಪಾಲಿಗೆ ಬಂದದ್ದು ಬಸ್ಸಿನ ಸಂಶೋಧನೆ. ಸೋಮವಾರ ನ್ಯಾಮತಿ, ಮಂಗಳವಾರ ಬುಧವಾರ ಚನ್ನಗಿರಿ, ಉಳಿದ ದಿನ ಹೊನ್ನಾಳಿಯ ಸುತ್ತಮುತ್ತ. ಜಗಳೂರು ಮಾತ್ರ ದೂರ. ದಾವಣಗೆರೆಗೆ ಹೋಗಿ ಬಸ್ಸು ಬದಲಿಸಿ ಅರ್ಧ ಹಗಲು ಕಳೆಯಬೇಕು. ಹಾಗಾಗಿ ಜಗಳೂರಿಗೆ ತಿಂಗಳಿಗೊಮ್ಮೆ ಹೋಗಿ, ಮಧ್ಯೆ ಫೋನಿನಲ್ಲಿ ವಿಚಾರಿಸಿದರೆ ಸಾಕು ಎಂದು ದೊಡ್ಡ ಡಾಕ್ಟರು ರಿಯಾಯಿತಿ ಕೊಟ್ಟಿದ್ದರು. ಆ ರಿಯಾಯಿತಿಗೆ ನಾನು ಎಷ್ಟು ಖುಷಿಪಟ್ಟಿದ್ದೆ ಎಂದು ನೆನೆದರೆ ಈಗ ಮೈ ಉರಿಯುತ್ತದೆ.

ಕಣ್ಣಿನ ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನ ಹಾಗೆ ಒಂದು ತೆಳುವಾದ, ತಿಳಿಯಾದ ಪದರ ಇರುತ್ತದೆ. ಅದೇ ಕಾರ್ನಿಯಾ. ಭತ್ತದ ಹೊಟ್ಟೋ, ಕಬ್ಬಿನ ಸೋಗೆಯೋ, ಅಡಿಕೆ ಸುಲಿಯುವಾಗ ಹಾರುವ ಸಿಪ್ಪೆಯ ನಾರೋ ಬಡಿದು ಅದು ತರಚಿದರೆ, ತರಚಿದ ಜಾಗದಲ್ಲಿ ಬೂಷ್ಟು ಬೇರು ಬಿಡುತ್ತದೆ. ಹಳಸಿದ ರೊಟ್ಟಿಯ ಮೇಲೆ ಹಿಡಿಯುತ್ತದಲ್ಲ, ಅಂಥದ್ದೇ ಬೂಷ್ಟು. ಅಲ್ಲಿ ಹುಣ್ಣಾಗುತ್ತದೆ. ಬೇಗ ಔಷಧಿ ಬಿದ್ದರೆ ಒಂದು ಬಿಳಿ ಕಲೆ ಉಳಿಸಿ ವಾಸಿಯಾಗುತ್ತದೆ. ತಡವಾದರೆ ಆ ಗಾಜೇ ಕರಗಿ ತೂತು ಬೀಳುತ್ತದೆ. ಬೇಗ ಎಂದರೆ ಎಷ್ಟು ಬೇಗ, ತಡ ಯಾಕಾಯಿತು, ಮೊದಲು ಯಾರ ಹತ್ತಿರ ಹೋದರು, ಕಣ್ಣಿಗೆ ಏನೇನು ಬಿಟ್ಟುಕೊಂಡರು, ವಾಸಿಯಾದ ಮೇಲೆ ಎಷ್ಟು ಕಾಣುತ್ತದೆ, ಇವನ್ನೆಲ್ಲ ಬರೆದಿಡುವುದೇ ನಮ್ಮ ಸಂಶೋಧನೆ. ರೋಗಿಗಳನ್ನು ಆಸ್ಪತ್ರೆಯಲ್ಲಿ ಡಾಕ್ಟರು ನೋಡುತ್ತಾರೆ. ಮನೆಗೆ ಹೋದ ಮೇಲೆ ಅವರ ಬೆನ್ನು ಹತ್ತುವವಳು ನಾನು.

ಊರೂರಿನಲ್ಲಿ ನನ್ನನ್ನು ‘ಕಣ್ಣಿನ ಮೇಡಂ’ ಎನ್ನುತ್ತಿದ್ದರು. ಚೀಲದಲ್ಲಿ ಒಂದು ಕೈಯಲ್ಲಿ ಹಿಡಿಯುವಂಥ ಸಣ್ಣ ಸೂಕ್ಷ್ಮದರ್ಶಕ, ಹಳದಿ ಬಣ್ಣದ ಕಾಗದದ ಪಟ್ಟಿಗಳು, ಗೋಡೆಗೆ ತೂಗುಹಾಕುವ ಅಕ್ಷರದ ಚಾರ್ಟು. ಹಳದಿ ಪಟ್ಟಿಯನ್ನು ಕಣ್ಣಿಗೆ ಮುಟ್ಟಿಸಿ ನೀಲಿ ಬೆಳಕು ಬಿಟ್ಟರೆ ಹುಣ್ಣಿದ್ದ ಜಾಗ ಹಸಿರಾಗಿ ಹೊಳೆಯುತ್ತದೆ. ಅದನ್ನು ನೋಡಲು ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಹೋಗಬೇಕು. ಅವರ ಬಾಯಿಯ ಎಲೆ ಅಡಿಕೆಯ ವಾಸನೆ, ರೆಪ್ಪೆಯ ನಡುಕ ಎಲ್ಲ ಗೊತ್ತಾಗುತ್ತದೆ. ಆದರೆ ಬೆಳಕು ನನ್ನ ಕಡೆಯಿಂದ ಬರುವುದರಿಂದ ಅವರಿಗೆ ನನ್ನ ಮುಖ ಕಾಣುವುದಿಲ್ಲ. ದಿನಕ್ಕೆ ಎಂಟು ಹತ್ತು ಜನರ ಕಣ್ಣೊಳಗೆ ಇಣುಕಿ, ಒಬ್ಬರಿಂದಲೂ ನೋಡಿಸಿಕೊಳ್ಳದೆ ಕೋಣೆಗೆ ಮರಳುತ್ತಿದ್ದೆ. ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರದ ಮನೆಯವರು ಕಾಫಿ ಕೊಟ್ಟು, ‘ಯಾವ ಕಡೆಯವ್ರು, ಇಲ್ಲಿ ಸಂಬಂಧಿಕರು ಯಾರು ಅದಾರೆ?’ ಎಂದು ಕೇಳುತ್ತಿದ್ದರು. ಯಾರೂ ಇಲ್ಲ ಎಂದ ಕೂಡಲೇ ಮಾತು ಮುಗಿಯುತ್ತಿತ್ತು. ಅವರ ತಪ್ಪಲ್ಲ. ನನ್ನನ್ನು ಯಾವ ಗೂಟಕ್ಕೆ ಕಟ್ಟಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ಗೂಟ ಹುಡುಕದೆ ನನ್ನನ್ನು ಒಳಗೆ ಕರೆದವರು ಒಬ್ಬರೇ. ಜಗಳೂರು ತಾಲೂಕಿನ ಒಂದು ಹಳ್ಳಿಯ ಅಕ್ಕ. ಐವತ್ತರ ಆಸುಪಾಸು. ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಒಂದೇ ಕೋಣೆಯ ಮನೆ, ಗೋಡೆಗೆ ಬುದ್ಧನ ಕ್ಯಾಲೆಂಡರು, ಬಾಗಿಲಲ್ಲಿ ಯಾವಾಗಲೂ ತೊಳೆದ ತಂಬಿಗೆಯಲ್ಲಿ ತುಂಬಿಟ್ಟ ನೀರು. ಅವರ ಎಡಗಣ್ಣಿಗೆ ಚಿಕ್ಕಂದಿನಲ್ಲೇ ಹೂವು ಬಿದ್ದಿತ್ತು. ಕರಿಗುಡ್ಡೆಯ ಮೇಲೆ ಬೀಳುವ ಬಿಳಿ ಕಲೆಗೆ ಜನ ಇಟ್ಟ ಹೆಸರು ಅದು. ಇಷ್ಟು ಚೆಂದದ ಹೆಸರನ್ನು ಇಷ್ಟು ಕೆಟ್ಟ ಕಾಯಿಲೆಗೆ ಯಾರು ಇಟ್ಟರೋ. ಅಂದಿನಿಂದ ಅವರು ಬಲಗಣ್ಣೊಂದರಲ್ಲೇ ಬದುಕಿದ್ದರು. ರಜೆಯ ದಿನ ಕೂಲಿಗೆ ಹೋಗಿ ಮೆಕ್ಕೆಜೋಳದ ತೆನೆ ಮುರಿಯುವಾಗ ಒಣಗಿದ ಗರಿ ಬಡಿದದ್ದು ಆ ಬಲಗಣ್ಣಿಗೇ.

ಪುಣ್ಯಕ್ಕೆ ನಾಲ್ಕನೆಯ ದಿನಕ್ಕೇ ಆಸ್ಪತ್ರೆಗೆ ಬಂದಿದ್ದರು. ಹುಣ್ಣನ್ನು ಕೆರೆದು ನೋಡಿದರೆ ಬೂಷ್ಟು. ಹಾಲಿನಂಥ ಬಿಳಿ ಔಷಧಿಯನ್ನು ಗಂಟೆಗೊಮ್ಮೆ ಹಾಕಬೇಕು. ವಾರ್ಡಿನಲ್ಲಿ ಅವರ ಜೊತೆ ಯಾರೂ ಇರಲಿಲ್ಲವಾದ್ದರಿಂದ, ಫೈಲು ಒಪ್ಪಿಸಲು ಆಸ್ಪತ್ರೆಗೆ ಹೋದ ದಿನಗಳಲ್ಲಿ ಹಗಲಿನ ಡ್ರಾಪ್ಸನ್ನು ನಾನೇ ಹಾಕಿದೆ. ನನ್ನ ಮಾತು ಕೇಳಿ ಅವರಿಗೆ ನಗು.

“ನಿಮ್ಮ ಕನ್ನಡ ಟೀವಿನಾಗಿನ ಕನ್ನಡ ಇದ್ದಂಗೈತೆ ಮೇಡಂ. ಕೇಳಾಕೆ ಚೆಂದ, ಅರ್ಥ ಆಗಲ್ಲ ಅಷ್ಟೇ,” ಎನ್ನುತ್ತಿದ್ದರು.

“ನಿಮ್ಮದು ನನಗೆ ಚೆನ್ನಾಗೇ ಅರ್ಥ ಆಗುತ್ತೆ ಬಿಡಿ ಅಕ್ಕ,” ಎಂದಿದ್ದೆ ನಾನು, ಜಂಬದಿಂದ.

ಮೂರು ವಾರಕ್ಕೆ ಹುಣ್ಣು ಬಹುಪಾಲು ಮುಚ್ಚಿತು. ಚಾರ್ಟಿನಲ್ಲಿ ಮೇಲಿನ ಎರಡು ಸಾಲು ಓದಿದರು. ಇನ್ನೂ ಮಸುಕು ಉಂಟು, ನಿಧಾನವಾಗಿ ತಿಳಿಯಾಗುತ್ತದೆ, ಆದರೆ ಮತ್ತೆ ಕೆರಳಿದರೆ ತಡಮಾಡದೆ ಬರಬೇಕು ಎಂದು ಡಾಕ್ಟರು ಹೇಳಿ ಮನೆಗೆ ಕಳಿಸಿದರು. ಕೆಂಪಾದರೆ, ನೋವಾದರೆ, ನೀರು ಸುರಿದರೆ ಅದೇ ದಿನ ನನಗೆ ಫೋನ್ ಮಾಡಿ ಎಂದು ನಾನೂ ಎರಡೆರಡು ಸಲ ಹೇಳಿದೆ. ಅದಾದ ಮೇಲೆ ಒಮ್ಮೆ ಅವರ ಮನೆಗೆ ಹೋದೆ. ಪರೀಕ್ಷೆ ಹತ್ತು ನಿಮಿಷದಲ್ಲಿ ಮುಗಿಯಿತು, ನಾನು ಮೂರು ಗಂಟೆ ಕೂತೆ. ರೊಟ್ಟಿ ಬಡಿದು, ಶೇಂಗಾ ಚಟ್ನಿ ಹಾಕಿ, ತಟ್ಟೆಯ ಮುಂದೆ ಕೂತು ನನ್ನ ಮುಖವನ್ನೇ ನೋಡಿದರು. ‘ನಿಮಗೆ ಗಲ್ಲದ ಮ್ಯಾಲೊಂದು ಮಚ್ಚೆ ಐತೆ ನೋಡ್ರಿ, ಈಗ ಕಾಣ್ತು’ ಎಂದರು. ನನ್ನ ಮಚ್ಚೆಯನ್ನು ಕಂಡು ಹೇಳುವವರು ಯಾರೂ ಇಲ್ಲದೆ ಎಷ್ಟು ವರ್ಷವಾಗಿತ್ತೋ. ಬಸ್ಸಿನಲ್ಲಿ ಕೂತು ಸುಮ್ಮನೆ ಗಲ್ಲ ಮುಟ್ಟಿಕೊಂಡೆ.

ಆರನೆಯ ವಾರದ ವಿಚಾರಣೆ ಫೋನಿನಲ್ಲಿ. ಆ ದಿನ ಬಸವಾಪಟ್ಟಣದಲ್ಲಿದ್ದೆ. ಒಬ್ಬ ರೋಗಿ ಮನೆಯಲ್ಲಿರಲಿಲ್ಲ, ಇನ್ನೊಬ್ಬರು ಔಷಧಿ ನಿಲ್ಲಿಸಿ ಹರಳೆಣ್ಣೆ ಬಿಟ್ಟುಕೊಳ್ಳುತ್ತಿದ್ದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ನನ್ನ ಕೆಲಸ, ನಿಮ್ಮದಲ್ಲ ಎಂದು ಕೂಗಾಡಿ ಬಂದಿದ್ದೆ. ಬಸ್ ನಿಲ್ದಾಣದಲ್ಲಿ ಕೂತು, ಒಂದು ಕಿವಿ ಮುಚ್ಚಿ, ಮೊಣಕಾಲ ಮೇಲೆ ಫೈಲು ಇಟ್ಟುಕೊಂಡು ಅಕ್ಕನಿಗೆ ಫೋನ್ ಮಾಡಿದೆ. ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗುವ ಖಾಸಗಿ ಬಸ್ಸು ಹಾರ್ನು ಒತ್ತುತ್ತಲೇ ಇತ್ತು.

“ಅಕ್ಕ, ಹೇಗಿದೆ ಕಣ್ಣು?”

“ಕಣ್ಣು ಬಂದೈತ್ರೀ ಮೇಡಂ.”

ನಮ್ಮ ಕಡೆ ಪೊರೆಯ ಆಪರೇಷನ್ ಆದವರು ಪಟ್ಟಿ ಬಿಚ್ಚಿದ ದಿನ ಹೇಳುವ ಮಾತದು. ಕಣ್ಣು ಬಂತು. ಅಂದರೆ ದೃಷ್ಟಿ ಬಂತು, ಕಾಣತೊಡಗಿತು. ನನ್ನ ಎದೆ ಹಗುರವಾಯಿತು.

“ಚೆನ್ನಾಗಿ ಬಂದಿದೆಯಾ?”

“ಹೂಂನ್ರೀ. ಮೂರು ದಿನದಿಂದ ಬಾಳ ಬಂದೈತೆ.”

“ಒಳ್ಳೇದಾಯ್ತು ಬಿಡಿ ಅಕ್ಕ. ಇವತ್ತು ಕೇಳಿದ್ದರಲ್ಲಿ ಇದೊಂದೇ ಒಳ್ಳೆ ಸುದ್ದಿ.”

“ಒಳ್ಳೇದೇನ್ರಿ?” ಎಂದರು.

“ಮತ್ತೆ? ಇದಕ್ಕೇ ಅಲ್ಲವಾ ಇಷ್ಟು ದಿನ ಕಾದದ್ದು.”

“ಹಂಗಾರೆ ಏನೂ ಮಾಡಾದು ಬ್ಯಾಡೇನ್ರಿ? ಆಸ್ಪತ್ರಿಗೆ ಬರಬೇಕಾ?”

“ಏನೂ ಬೇಡ. ಡ್ರಾಪ್ಸ್ ಬರೆದ ಹಾಗೆ ಹಾಕ್ಕೊಳ್ಳಿ. ಮುಂದಿನ ತಿಂಗಳು ನಾನೇ ಬರ್ತೀನಿ.”

“ಆತು ತಗಳ್ರಿ. ನಿಮ್ದು ಊಟ ಆತೇನ್ರಿ?”

ಆಯಿತು ಎಂದು ಸುಳ್ಳು ಹೇಳಿ ಫೋನ್ ಇಟ್ಟೆ. ಫೈಲಿನಲ್ಲಿ ಮೂರು ಚೌಕಗಳಿದ್ದವು: ಸುಧಾರಿಸಿದೆ, ಹಾಗೇ ಇದೆ, ಹದಗೆಟ್ಟಿದೆ. ಮೊದಲನೆಯದಕ್ಕೆ ಗುರುತು ಹಾಕಿ ಸಹಿ ಮಾಡಿದೆ. ಆಮೇಲೆ ನಿಲ್ದಾಣದ ಎದುರಿನ ಅಂಗಡಿಗೆ ಹೋಗಿ, ನನ್ನನ್ನು ನಾನೇ ಮೆಚ್ಚಿಕೊಂಡು, ಮಂಡಕ್ಕಿ ಮೆಣಸಿನಕಾಯಿ ತಿಂದೆ.

ಹನ್ನೊಂದು ದಿನ ಕಳೆಯಿತು. ನ್ಯಾಮತಿ ತಾಲೂಕಿನ ಗೋವಿನಕೋವಿಯಲ್ಲಿ ಭತ್ತದ ಹೊಟ್ಟಿನಿಂದ ಹುಣ್ಣಾಗಿದ್ದ ಒಬ್ಬ ಅಜ್ಜನನ್ನು ನೋಡಲು ಹೋಗಿದ್ದೆ. ಬೆಳಗಿನ ಹೊತ್ತು. ಬಾಗಿಲಲ್ಲಿ ಅವರ ಸೊಸೆ ಕೈ ಅಡ್ಡ ಹಿಡಿದು ನಿಂತರು.

“ಒಳಗೆ ಬರಬ್ಯಾಡ್ರಿ ಮೇಡಂ. ನಮ್ಮ ಪಾಪುಗೆ ಕಣ್ಣು ಬಂದೈತೆ. ನಿಮಗೂ ಅಂಟ್ತೈತೆ. ಮಾವನ್ನ ಕಟ್ಟೆ ಮ್ಯಾಲೆ ಕರ್ಕಂಡು ಬರ್ತೀನಿ.”

ಅವರ ಹಿಂದೆ ಸೆರಗು ಹಿಡಿದು ನಿಂತಿದ್ದ ಹೆಣ್ಣು ಮಗುವಿನ ಎರಡು ಕಣ್ಣೂ ಕೆಂಡದ ಹಾಗೆ ಕೆಂಪಗಿದ್ದವು. ರೆಪ್ಪೆಯ ತುಂಬ ಪಿಸುರು.

“ಏನು ಬಂದಿದೆ ಅಂದ್ರಿ?”

“ಕಣ್ಣು ಬಂದೈತ್ರೀ. ನಿಮ್ಮ ಕಡೆ ಬರಲ್ವಾ?”

ನಮ್ಮ ಕಡೆಯೂ ಬರುತ್ತದೆ. ನಾವು ಕಣ್ಣುನೋವು ಎನ್ನುತ್ತೇವೆ, ಮದ್ರಾಸ್ ಐ ಎನ್ನುತ್ತೇವೆ. ಆಸ್ಪತ್ರೆಯಲ್ಲಿ ಅಂಥವರನ್ನು ಹೊರಗಿನ ಕೌಂಟರಿನಲ್ಲೇ ಬೇರೆ ಮಾಡಿ ಕಳಿಸುತ್ತಿದ್ದರು, ನಮ್ಮ ಸಂಶೋಧನೆಗೆ ಅವರು ಸೇರುತ್ತಿರಲಿಲ್ಲ. ಬಂದು ನಾಲ್ಕು ತಿಂಗಳಾಗಿದ್ದರೂ ಆ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಬಿದ್ದಿತ್ತೋ ಏನೋ, ನಾನು ಕೇಳಿಸಿಕೊಂಡಿರಲಿಲ್ಲ. ಕಣ್ಣು ಕೆಂಪಾಗಿ, ಊದಿ, ಕೀವು ಸುರಿದರೆ ಇಲ್ಲಿಯವರು ಕಣ್ಣು ಬಂತು ಎನ್ನುತ್ತಾರೆ. ಬಾಳ ಬಂದೈತೆ ಎಂದಿದ್ದರು ಅಕ್ಕ. ಮೂರು ದಿನದಿಂದ ಎಂದಿದ್ದರು. ಆಸ್ಪತ್ರೆಗೆ ಬರಬೇಕಾ ಎಂದು ಬಾಯಿಬಿಟ್ಟು ಕೇಳಿದ್ದರು. ಏನೂ ಬೇಡ ಎಂದವಳು ನಾನು.

ಕಟ್ಟೆಯ ಮೇಲೆ ಕೂತುಬಿಟ್ಟೆ. ಅಜ್ಜ ಬಂದು ಎದುರು ಕೂತರು, ಅವರ ಕಣ್ಣು ನೋಡದೆ ಎದ್ದೆ. ಅಕ್ಕನ ಫೋನು ಸ್ವಿಚ್ ಆಫ್. ಹೊನ್ನಾಳಿಯ ಬಸ್ಸು ಹಿಡಿದೆ, ಅಲ್ಲಿಂದ ದಾವಣಗೆರೆ, ಅಲ್ಲಿಂದ ಜಗಳೂರು. ದಾರಿಯುದ್ದಕ್ಕೂ ಫೋನ್ ಒತ್ತುತ್ತಲೇ ಇದ್ದೆ. ಒಬ್ಬರ ಹತ್ತಿರವೂ ಹೇಳಿಕೊಳ್ಳಲಾಗದ ವಿಷಯ. ಪಕ್ಕದ ಸೀಟಿನ ಹೆಂಗಸು, ‘ಯಾಕ್ರೀ, ಯಾರಿಗಾರ ಹುಷಾರಿಲ್ವಾ?’ ಎಂದು ಕೇಳಿದರು. ಹೌದು ಎಂದೆ. ‘ನಿಮಗೆ ಏನಾಗಬೇಕು ಅವರು?’ ಎಂದರು. ರೋಗಿ ಎಂದರೆ ಕಡಿಮೆಯಾಗುತ್ತಿತ್ತು, ಅಕ್ಕ ಎಂದರೆ ನಾನು ಮಾಡಿದ್ದಕ್ಕೆ ಆ ಮಾತು ಹೆಚ್ಚಾಗುತ್ತಿತ್ತು.

ಜಗಳೂರಿನಲ್ಲಿ ಆಟೊ ಹಿಡಿದು ಹಳ್ಳಿ ಸೇರಿದಾಗ ಮಧ್ಯಾಹ್ನ ಇಳಿದಿತ್ತು. ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು, ಬಲಗಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಿದ್ದರು. ನನ್ನ ಚಪ್ಪಲಿ ಸದ್ದಿಗೆ ತಲೆ ಎತ್ತಿದರು, ಗುರುತು ಹತ್ತಲಿಲ್ಲ.

“ನಾನು ಅಕ್ಕ, ಕಣ್ಣಿನ ಮೇಡಂ.”

“ಮುಂದಿನ ತಿಂಗಳು ಅಂದಿದ್ರಿ. ಬರ್ರಿ ಬರ್ರಿ. ನೀರು ಕುಡೀರಿ.”

ಬಟ್ಟೆ ತೆಗೆಸಿ ಟಾರ್ಚ್ ಬಿಟ್ಟೆ. ಸೂಕ್ಷ್ಮದರ್ಶಕ ಬೇಕಾಗಿಯೇ ಇರಲಿಲ್ಲ. ಗಾಜು ಬೆಳ್ಳಗೆ ಮೆತ್ತಗಾಗಿ, ನಡುವೆ ತೂತಾಗಿ, ಆ ತೂತಿನಿಂದ ಒಳಗಿನ ಕಂದು ಪೊರೆ ಸಾಸಿವೆಕಾಳಿನಷ್ಟು ಹೊರಗೆ ಬಂದಿತ್ತು.

“ಇಷ್ಟಾಗೋವರೆಗೂ ಯಾಕೆ ಸುಮ್ಮನಿದ್ರಿ?” ನನ್ನ ದನಿ ಏರಿತು. ಹಾಳು ಸ್ವಭಾವ, ಆಗಲೂ ಮೊದಲು ಬಂದದ್ದು ಕೋಪವೇ.

“ನಿಮಗೆ ಹೇಳಿದ್ನಲ್ರೀ. ನೀವು ಒಳ್ಳೇದು ಅಂದ್ರಿ. ಅಮ್ಮ ಆದಾಗ ಗುಳ್ಳೆ ಹೊರಗೆ ಬಿದ್ರೆ ಒಳ್ಳೇದು ಅಂತಾರಲ್ಲ, ಹಂಗೇ ಒಳಗಿನ ನಂಜೆಲ್ಲ ಹೊರಗೆ ಬರ್ತೈತೆ ಅನ್ಕಂಡೆ. ದೊಡ್ಡ ಡಾಕ್ಟ್ರನ್ನ ಕೇಳೇ ಹೇಳಿರ್ತಾರೆ ಮೇಡಂ ಅಂತ ಧೈರ್ಯ ಇತ್ತು. ಮೊನ್ನೆವರೆಗೂ ಶಾಲಿಗೆ ಹೋಗಿ ಅಡಿಗೆ ಮಾಡೀನಿ.”

ಆಗಲೇ ನಿಜ ಹೇಳಬೇಕಿತ್ತು. ಕಾರು ಗೊತ್ತುಮಾಡುವ, ಆಸ್ಪತ್ರೆಗೆ ಫೋನ್ ಮಾಡುವ ಗಡಿಬಿಡಿಯ ಹಿಂದೆ ಅಡಗಿಕೊಂಡೆ.

ಡಾಕ್ಟರು ಕೈಲಾದದ್ದನ್ನೆಲ್ಲ ಮಾಡಿದರು. ಯಾರೋ ಪುಣ್ಯಾತ್ಮರು ಸತ್ತ ಮೇಲೆ ಕೊಟ್ಟ ಕಣ್ಣಿನ ಪದರವನ್ನು ತಂದು ಹೊಲಿದರು. ಹತ್ತು ದಿನ ತಿಳಿಯಾಗಿಯೇ ಇತ್ತು. ಬೂಷ್ಟು ಹೊಲಿಗೆಯ ಅಂಚಿನಿಂದ ಮತ್ತೆ ಹಬ್ಬಿತು. ಎರಡು ತಿಂಗಳ ಕೊನೆಗೆ ಅಕ್ಕನಿಗೆ ಉಳಿದದ್ದು ಬೆಳಕು ಎಲ್ಲಿದೆ ಎಂಬ ಅರಿವು ಮಾತ್ರ. ಕಿಟಕಿ ಎಲ್ಲಿದೆ ಗೊತ್ತಾಗುತ್ತದೆ, ಕಿಟಕಿಯಲ್ಲಿ ನಿಂತವರು ಗೊತ್ತಾಗುವುದಿಲ್ಲ. ಬಿಸಿಯೂಟಕ್ಕೆ ಬೇರೆಯವರನ್ನು ತೆಗೆದುಕೊಂಡರು.

ನಮ್ಮ ಕೆಲಸದಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ವೈಟ್ನರ್ ಹಚ್ಚುವಂತಿಲ್ಲ, ಗೀಚಿ ಕಪ್ಪು ಮಾಡುವಂತಿಲ್ಲ. ತಪ್ಪಾಗಿದ್ದರೆ ಅದರ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದಲಿಕ್ಕೆ ಬರುತ್ತಿರಬೇಕು, ಪಕ್ಕದಲ್ಲಿ ಸರಿಯಾದದ್ದು ಬರೆದು ತಾರೀಖು ಹಾಕಿ ಸಹಿ ಮಾಡಬೇಕು. ‘ಸುಧಾರಿಸಿದೆ’ ಎಂಬುದರ ಮೇಲೆ ಗೆರೆ ಎಳೆದೆ. ಮುಂದಿನ ಪುಟದಲ್ಲಿ ‘ತಡವಾಗಿ ಬಂದದ್ದಕ್ಕೆ ಕಾರಣ’ ಎಂಬ ಕಲಂ. ದೂರ, ಜೊತೆಗೆ ಬರುವವರಿಲ್ಲ, ಮನೆಮದ್ದು ಎಂದೆಲ್ಲ ಚೌಕಗಳಿದ್ದವು, ನನಗೆ ಸೇರಿದ್ದೊಂದೂ ಇರಲಿಲ್ಲ. ‘ಇತರೆ’ ಎಂಬಲ್ಲಿ, ‘ಕ್ಷೇತ್ರ ಸಿಬ್ಬಂದಿಯಿಂದ ದೂರವಾಣಿ ಮಾಹಿತಿಯ ತಪ್ಪು ಗ್ರಹಿಕೆ’ ಎಂದು ಬರೆದೆ. ಬರೆದದ್ದನ್ನು ಓದಿದರೆ ಯಾರೋ ಬೇರೆಯವರು ಮಾಡಿದ ಹಾಗಿತ್ತು.

ದೊಡ್ಡ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ವಲ್ಪ ಹೊತ್ತು ಪೆನ್ನು ತಿರುಗಿಸಿ, “ಕ್ಷೇತ್ರಕ್ಕೆ ಭಾಷೆ ಗೊತ್ತಿರುವವರನ್ನು ಹಾಕಬೇಕಿತ್ತು,” ಎಂದರು.

“ನಾನೂ ಕನ್ನಡದವಳೇ ಸರ್,” ಎಂದೆ.

ಮುಂದಿನ ತಿಂಗಳ ಸಭೆಯಲ್ಲಿ ಫೋನಿನ ಪ್ರಶ್ನೆಗಳನ್ನು ಬದಲಿಸಿದರು. ಈಗ ‘ಕಣ್ಣು ಹೇಗಿದೆ’ ಎಂದು ಕೇಳಿ ಬಿಡುವಂತಿಲ್ಲ. ಕೆಂಪಗಿದೆಯಾ, ನೀರು ಬರುತ್ತಿದೆಯಾ, ಎದುರಿಗಿದ್ದವರ ಬೆರಳು ಎಣಿಸಲು ಆಗುತ್ತದಾ ಎಂದು ಒಂದೊಂದಾಗಿ ಕೇಳಬೇಕು. ಎಲ್ಲರೂ ಒಳ್ಳೆಯ ಬದಲಾವಣೆ ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾನು ಹಿಂದಿನ ಸಾಲಿನಲ್ಲಿ ಕೂತು ಬಿಸ್ಕತ್ತು ಮುರಿಯುತ್ತಿದ್ದೆ.

ಅಕ್ಕನ ಫೈಲು ಮುಚ್ಚಿತು. ಆಮೇಲೂ ನಾನು ಅವರ ಮನೆಗೆ ಹೋಗುವುದನ್ನು ಬಿಡಲಿಲ್ಲ. ರಜೆಯ ದಿನ, ಸೂಕ್ಷ್ಮದರ್ಶಕವಿಲ್ಲದೆ, ತುಂಬಿಸಲು ಯಾವ ಹಾಳೆಯೂ ಇಲ್ಲದೆ ಹೋಗುತ್ತಿದ್ದೆ. ಸಕ್ಕರೆ, ಚಹಾಪುಡಿ ಒಯ್ಯುತ್ತಿದ್ದೆ. ಅವರು ಕೈಯಂದಾಜಿನಲ್ಲೇ ರೊಟ್ಟಿ ಬಡಿಯುವುದನ್ನು ಕಲಿತರು. ಅಂಚು ಸುಟ್ಟರೆ ವಾಸನೆಯಲ್ಲೇ ತಿಳಿದು ತಿರುವಿ ಹಾಕುತ್ತಿದ್ದರು. ಪಕ್ಕದ ಮನೆಯವರು ಬಂದರೆ, ‘ನಮ್ಮ ಮೇಡಂ, ಅಷ್ಟು ದೂರದಿಂದ ಬರ್ತಾರೆ ನೋಡ್ರಿ. ಆವತ್ತು ಅವ್ರು ಓಡಿ ಬರ್ಲಿಲ್ಲ ಅಂದಿದ್ರೆ ನನ್ನ ಜೀವನೇ ಉಳೀತಿರಲಿಲ್ಲ’ ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ಶುರುವಾದರೆ ನಾನು ತಟ್ಟೆ ತೊಳೆಯುವ ನೆಪದಲ್ಲಿ ಹೊರಗೆ ನಡೆಯುತ್ತಿದ್ದೆ. ಆದರೂ ಹೋಗುತ್ತಿದ್ದೆ. ನಾಲ್ಕು ತಾಲೂಕಿನಲ್ಲಿ ನನ್ನ ದಾರಿ ನೋಡುವ ಮನೆ ಅದೊಂದೇ. ನಿಜ ಹೇಳಿದರೆ ಅದೂ ಹೋಗುತ್ತದೆ ಎಂಬ ಭಯಕ್ಕೆ ಬಾಯಿ ಬಿಡದೆ ಐದು ಸಲ ಉಂಡು ಬಂದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಆರನೆಯ ಸಲ ಹೋದಾಗ ಅಕ್ಕ ತಾವಾಗಿಯೇ ವಿಷಯ ತೆಗೆದರು. ಓಣಿಯಲ್ಲಿ ಒಬ್ಬರ ಕಣ್ಣಿಗೆ ಕಸ ಬಿದ್ದು ಕೆಂಪಾಗಿದೆಯಂತೆ.

“ನಾನೇ ಹೇಳಿ ಕಳಿಸೀನಿ ಮೇಡಂ. ಏನೂ ಗಾಬರಿಯಾಗಬ್ಯಾಡ, ಕಣ್ಣು ಬಂದ್ರೆ ಬರಾಕೆ ಬಿಡು, ಒಳ್ಳೇದು ಅಂತ ನಮ್ಮ ಮೇಡಮ್ಮೋರೇ ಅಂದಾರೆ ಅಂತ. ನನಗೆ ಆದಂಗೆ ಎಲ್ಲಾರಿಗೂ ಯಾಕೆ ಆಗ್ತೈತೆ. ನನ್ನ ಹಣೇಬರ ಬ್ಯಾರೆ.”

ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. ಮೊದಲು ಆ ಮನೆ ಯಾವುದೆಂದು ಕೇಳಿ, ಓಡಿ ಹೋಗಿ ನೋಡಿ, ಮರುದಿನವೇ ಆಸ್ಪತ್ರೆಗೆ ಬರಬೇಕೆಂದು ಚೀಟಿ ಬರೆದುಕೊಟ್ಟು ಬಂದೆ. ತಿರುಗಿ ಬಂದು ಅಕ್ಕನ ಎದುರು ಕೂತೆ.

“ಅಕ್ಕ, ಕಣ್ಣು ಬರೋದು ಒಳ್ಳೇದಲ್ಲ. ನಾನು ಹಾಗೆ ಹೇಳಿದ್ದು ತಪ್ಪು. ಡಾಕ್ಟರನ್ನ ಕೇಳಿ ಹೇಳಿದ್ದಲ್ಲ. ನಮ್ಮ ಕಡೆ ಕಣ್ಣು ಬಂತು ಅಂದರೆ ಕಾಣಿಸ್ತು ಅಂತ ಅರ್ಥ. ನಿಮಗೆ ದೃಷ್ಟಿ ಬಂತು ಅಂದುಕೊಂಡು ಖುಷಿಯಲ್ಲಿ ಹೇಳಿಬಿಟ್ಟೆ. ನೀವು ಸರಿಯಾಗೇ ಹೇಳಿದ್ರಿ. ನನಗೆ ಅರ್ಥ ಆಗಲಿಲ್ಲ.”

ಅವರು ನನ್ನ ದನಿ ಬಂದ ಕಡೆಗೆ ಮುಖ ಮಾಡಿ ಕೂತಿದ್ದರು. ಒಲೆಯ ಮೇಲಿನ ಹಂಚು ಕಾಯುತ್ತಿತ್ತು, ಅದನ್ನು ಇಳಿಸಲಿಲ್ಲ.

“ಆವತ್ತೇ ಬಂದಿದ್ರೆ ಉಳೀತಿತ್ತೇನ್ರಿ?”

ನಮ್ಮ ಸಂಶೋಧನೆಯ ಪ್ರಶ್ನೆಯೂ ಅದೇ. ಎಷ್ಟು ದಿನದೊಳಗೆ ಬಂದರೆ ಕಣ್ಣು ಉಳಿಯುತ್ತದೆ. ನಾನು ತುಂಬಿಸಿದ ಫೈಲುಗಳಲ್ಲಿ, ಮೂರು ದಿನಕ್ಕೆ ಬಂದವರು ಯಾರು, ಎರಡು ವಾರಕ್ಕೆ ಬಂದವರು ಯಾರು, ಯಾರಿಗೆ ಏನು ಉಳಿಯಿತು ಎಂದು ನನಗೆ ಕಂಠಪಾಠವಾಗಿತ್ತು. ಹೇಳಲಿಕ್ಕಾಗದು ಅಕ್ಕ, ದೇವರ ಇಚ್ಛೆ ಅಕ್ಕ ಎಂದು ಏನಾದರೂ ಹೇಳಬಹುದಿತ್ತು.

“ಉಳೀತಿತ್ತು ಅನ್ಸುತ್ತೆ,” ಎಂದೆ.

ಅವರು ಕೈಯಲ್ಲಿ ತಡಕಾಡಿ, ಸೆರಗಿನಿಂದ ಹಿಡಿದು ಹಂಚನ್ನು ಕೆಳಗಿಳಿಸಿದರು.

“ಇಷ್ಟು ದಿನ ಹಣೇಬರ ಅನ್ಕಂಡು ಸುಮ್ಕಿದ್ದೆ ಮೇಡಂ. ಹಣೇಬರದ ಮ್ಯಾಲೆ ಯಾರು ಸಿಟ್ಟಾಗ್ತಾರ್ರಿ. ಈಗ ನಿಮ್ಮ ಮ್ಯಾಲೆ ಸಿಟ್ಟಾಗಬೇಕು. ನನ್ನ ಮನಿಗೆ ಬರೋರು ನೀವೊಬ್ರೇ.”

“ಸಿಟ್ಟಾಗಿ ಅಕ್ಕ,” ಎಂದೆ. ಅಳು ಬಂತು. ಅಳುವುದು ಅವರಿಗೆ ಕೇಳಿಸಬಾರದೆಂದು ಬಾಯಿಗೆ ಕೈ ಇಟ್ಟುಕೊಂಡೆ.

“ಹೋಗ್ರಿ,” ಎಂದರು.

ಚೀಲ ತೆಗೆದುಕೊಂಡು ಹೊಸ್ತಿಲು ದಾಟಿ ಸ್ವಲ್ಪ ಹೊತ್ತು ನಿಂತೆ. ಹೊರಟವರಿಗೆ ಬರೀ ‘ಹೋಗಿ’ ಎಂದು ಯಾರೂ ಹೇಳುವುದಿಲ್ಲ, ‘ಹೋಗಿ ಬನ್ನಿ’ ಎನ್ನುತ್ತಾರೆ, ಈ ಕಡೆ ‘ಹೋಗ್ಬರ್ರಿ’ ಎನ್ನುತ್ತಾರೆ. ಅದರ ಉಳಿದರ್ಧಕ್ಕೆ ಕಾದೆ, ಒಳಗಿನಿಂದ ಬರಲಿಲ್ಲ. ಈ ಒಂದು ಮಾತಿಗೆ ನಮ್ಮ ಕಡೆಯೂ ಇದೇ ಅರ್ಥ. ತಪ್ಪು ತಿಳಿಯಲು ದಾರಿಯೇ ಇರಲಿಲ್ಲ.